ನಿದ್ದೆಯ ಗೆರೆ

ನಿಜಾಮುದ್ದೀನರ ಕೈಬರಹ ಚೆಂದವೆಂದು ಯಾರಾದರೂ ಹೊಗಳಿದರೆ ಅವರು ನಾಚಿಕೊಂಡು ತಲೆ ತಗ್ಗಿಸುತ್ತಿದ್ದರು. ಯಾರೂ ಹೊಗಳದಿದ್ದರೆ ತಾವೇ ಆ ವಿಷಯ ಎತ್ತುತ್ತಿದ್ದರು. ಕಡಲಾಚೆಯ ಫ್ರೀಮಾಂಟಿನಲ್ಲಿದ್ದ ಮಗನ ಮನೆಯಲ್ಲಿ ಫ್ರಿಜ್ಜಿನೊಳಗಿನ ಡಬ್ಬಿಗಳಿಗೆಲ್ಲ ಅವರ ಕೈಯ ಹೆಸರುಗಳು. ಒಂದಕ್ಷರ ಇನ್ನೊಂದರ ಕೈ ಹಿಡಿದುಕೊಂಡು ಹೊರಟಂತಿದ್ದ, ಕೂಡಿಸಿ ಬರೆದ ಇಂಗ್ಲಿಷು. ಅಲ್ಲೇ ಹುಟ್ಟಿ ಬೆಳೆದ ಮೊಮ್ಮಗಳು ಜೈನಬ್‌ಗೆ ಶಾಲೆಯಲ್ಲಿ ಅಂಥ ಬರಹವನ್ನು ಯಾರೂ ಕಲಿಸಿರಲಿಲ್ಲ. ಅವಳು ಅದನ್ನು ಬಳ್ಳಿಯ ಚಿತ್ತಾರವೆಂದು ತಿಳಿದು, ಒಂದು ಬೆಳಿಗ್ಗೆ ಕೆಂಪು ಮೆಣಸಿನಕಾಯಿಯ ರಂಜಕವನ್ನು ಜಾಮ್ ಅಂದುಕೊಂಡು ಬ್ರೆಡ್ಡಿಗೆ ದಪ್ಪಗೆ ಬಳಿದುಕೊಂಡು ಕಚ್ಚಿದಳು.

"ನಿಮ್ಮ ಚೆಂದದ ಅಕ್ಷರ ಕೂಸಿನ ನಾಲಿಗಿ ಸುಟ್ಟಾವು ನೋಡ್ರಿ," ಎಂದು ಖಾಲಿದಾ ಗದರಿದರು.

"ಬರೆದದ್ದು ಸ್ವಚ್ಛ ಐತಿ. ಓದಾಕ ಬರಲಿಲ್ಲಂದ್ರ ಬರದಂವನ ತಪ್ಪೇನು?" ಎಂದು ನಿಜಾಮುದ್ದೀನರು ವಾದಿಸಿದರು. ಈ ಗಂಡಹೆಂಡಿರು ಮನೆಯಲ್ಲಿ ಅರ್ಧ ಉರ್ದು, ಅರ್ಧ ಕನ್ನಡ ಮಾತಾಡುವವರು. ಜಗಳ ಮಾತ್ರ ಪೂರ್ತಿ ಧಾರವಾಡದ ಕನ್ನಡದಲ್ಲಿ ನಡೆಯುತ್ತಿತ್ತು.

ವಾದಿಸುವುದು ಅವರಿಗೆ ಇಷ್ಟ. ಆದರೆ ಜೀವನದಲ್ಲಿ ಅವರಿಗೆ ಸಿಕ್ಕಿದ್ದು ಬರೆಯುವ ಕೆಲಸ, ಅದೂ ಬೇರೆಯವರು ಬರೆದದ್ದನ್ನು. ಧಾರವಾಡದ ಕೋರ್ಟಿನ ನಕಲು ವಿಭಾಗದಲ್ಲಿ ಅವರು ಕೂದಲು ಕಪ್ಪಗಿದ್ದಾಗ ಕೂತವರು, ಬೆಳ್ಳಗಾದ ಮೇಲೆ ಎದ್ದರು. ನ್ಯಾಯಾಧೀಶರು ಕೊಟ್ಟ ತೀರ್ಪುಗಳು, ಸಾಕ್ಷಿಗಳು ಹೇಳಿದ ಸುಳ್ಳುಗಳು, ವಕೀಲರು ಹಾಕಿದ ತಕರಾರುಗಳು ಎಲ್ಲವೂ ಅವರ ಪೆನ್ನಿನಿಂದ ಎರಡನೇ ಸಲ ಹುಟ್ಟಿದವು. ಕೆಲಸಕ್ಕೆ ಸೇರಿದ ದಿನವೇ ಹಿರಿಯ ಗುಮಾಸ್ತ ಗುರುಶಾಂತಪ್ಪನವರು ಬುದ್ಧಿ ಹೇಳಿದ್ದರು: "ಮಕ್ಕಿಕಾಮಕ್ಕಿ ನಿಜಾಮ. ಹಾಳಿ ಮ್ಯಾಲ ನೊಣಾ ಸತ್ತು ಬಿದ್ದಿತ್ತಂದ್ರ ನೀನೂ ಒಂದು ನೊಣಾ ಬರಿ. ಯಾಕ ಸತ್ತಿತು ಅಂತ ಕೇಳೂದು ನಮ್ಮ ಕೆಲಸ ಅಲ್ಲ."

ಆದರೂ ಒಳಗೊಂದು ಆಸೆ ಇತ್ತು. ಹುಬ್ಬಳ್ಳಿಯ ಸಂಜೆ ಲಾ ಕಾಲೇಜಿಗೆ ಹೆಸರು ಹಚ್ಚಿದರು. ಹಗಲೆಲ್ಲ ನಕಲು ಬರೆದು ಸಂಜೆ ಬೆಂಚಿನ ಮೇಲೆ ಕೂತರೆ, ಪ್ರೊಫೆಸರು ಆಸ್ತಿ ಕಾಯಿದೆಯನ್ನು ಬಿಡಿಸಿ ಹೇಳುವಾಗ ಅವರ ಕಣ್ಣೂ ರೆಪ್ಪೆಯೂ ಪರಸ್ಪರ ರಾಜಿಯಾಗಿಬಿಡುತ್ತಿದ್ದವು. ಆ ಒಂದು ವಿಷಯದಲ್ಲಿ ಫೇಲಾದರು. ಮುಂದೆ ಮದುವೆ, ಮುಂದೆ ಮಗ ಮುಕರ್ರಮ್. ಕಪ್ಪು ಕೋಟು ಹೊಲಿಸಲು ಕೊಂಡಿದ್ದ ಬಟ್ಟೆಯಲ್ಲಿ ಖಾಲಿದಾ ಛತ್ರಿಯ ಚೀಲ ಹೊಲಿದರು. ಎಷ್ಟೋ ಸಾವಿರ ತೀರ್ಪುಗಳು ಅವರ ಕೈ ದಾಟಿಹೋದವು. ಒಂದಾದರೂ ಅವರದಾಗಿರಲಿಲ್ಲ.

ನಿವೃತ್ತಿಯ ನಂತರ ಫ್ರೀಮಾಂಟಿಗೆ ಬಂದು ನೆಲೆಸಿದ ಹೊಸದರಲ್ಲಿ ಒಂದು ಹಲಾಲ್ ಮಾಂಸದ ಅಂಗಡಿಗೆ ದರದ ಹಲಗೆ ಬರೆದುಕೊಟ್ಟರು. ಗಿರಾಕಿಗಳು ಅದನ್ನು ಮದುವೆಯ ಆಮಂತ್ರಣವೆಂದು ಭಾವಿಸಿ ಯಾರ ಮದುವೆಯೆಂದು ಕೇಳತೊಡಗಿದ್ದರಿಂದ ಅಂಗಡಿಯವನು ಹಲಗೆಯನ್ನು ತಿರುವಿ ಇಟ್ಟ. ಅದಾದ ಮೇಲೆ ಅವರ ಅಕ್ಷರಕ್ಕೆ ಈ ಊರಿನಲ್ಲಿ ಫ್ರಿಜ್ಜಿನ ಡಬ್ಬಿಗಳೇ ಗತಿಯಾದವು.

ಹೀಗಿರುವಾಗ ನಿರುಪಮಾ ಸಿಕ್ಕರು. ಮೈಸೂರಿನ ಕಡೆಯ ಡಾಕ್ಟರು, ಕೆಲಸದಿಂದ ನಿವೃತ್ತರಾದವರು, ಕೆರೆಯ ಸುತ್ತ ವಾಕಿಂಗು ಮಾಡುವಾಗ ಪರಿಚಯವಾದವರು. ಫ್ರೀಮಾಂಟಿನ ಹಳೆಯ ಬೀದಿಯಲ್ಲಿ, ಒಂದು ಕಾಲಕ್ಕೆ ಏಪ್ರಿಕಾಟ್ ಹಣ್ಣುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ ಕಟ್ಟಡದಲ್ಲಿ, ಹಳೆಯ ಕಾಗದಪತ್ರ ಕಾಪಾಡುವ ಸಂಘವೊಂದಿತ್ತು. ನಿರುಪಮಾ ಅಲ್ಲಿ ಸ್ವಯಂಸೇವಕಿ. "ಸಾಹೇಬ್ರೇ, ಒಂದು ನೋಟ್ ಪುಸ್ತಕ ಬಂದಿದೆ. ಲಾ ಸ್ಟೂಡೆಂಟ್ ಒಬ್ಬ ನೂರು ವರ್ಷಕ್ಕೂ ಹಿಂದೆ ಬರ್ಕೊಂಡಿದ್ದ ಲೆಕ್ಚರ್ ನೋಟ್ಸು. ಇಲ್ಲಿನ ಹುಡುಗರಿಗೆ ಓದೋಕೇ ಬರಲ್ಲ. ನಾನೇನೋ ಓದ್ತೀನಿ, ಬರೆಯೋಕೆ ಹೋದ್ರೆ ಔಷಧಿ ಚೀಟಿ ಥರ ಆಗತ್ತೆ. ನೀವು ಬನ್ನಿ," ಎಂದರು.

ಪುಸ್ತಕ ಎಡ್ಗರ್ ಪಿಂಕಮ್ ಎಂಬ ಹುಡುಗನದು. ಹಾಳೆಗಳು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಸಂಘದವರು ಒಂದು ಪ್ರದರ್ಶನ ಮಾಡುವವರಿದ್ದರು. ಮೂಲ ಪುಸ್ತಕ ಗಾಜಿನೊಳಗೆ, ಪಕ್ಕದಲ್ಲಿ ಬಂದವರು ಕೈಯಾರೆ ಹಾಳೆ ತಿರುವಿ ನೋಡಲು ಒಂದು ಕೈಬರಹದ ಪ್ರತಿ. ಆ ಪ್ರತಿ ಬರೆಯುವ ಕೆಲಸ ನಿಜಾಮುದ್ದೀನರಿಗೆ ಬಂತು. ಮೂಲವನ್ನು ಗಟ್ಟಿಯಾಗಿ ಓದಿ ತಾಳೆ ನೋಡುವುದು ನಿರುಪಮಾ ಅವರ ಪಾಲಿಗೆ.

ಸಂಘದ ಮುಖ್ಯಸ್ಥೆ ಮಾರ್ಜರಿ. ಬೆನ್ನು ನೆಟ್ಟಗೆ, ಕನ್ನಡಕ ದಾರದಲ್ಲಿ, ಮಾತು ಕಡಿಮೆ. ಅವರದು ಒಂದೇ ನಿಯಮ: ಹಾಳೆಯಲ್ಲಿ ಇರುವುದನ್ನು ಬರೆಯಬೇಕು, ಇಲ್ಲದ್ದನ್ನು ಬರೆಯಕೂಡದು. ಈ ನಿಯಮ ಮುರಿದವರ ಗತಿ ಏನಾಗುತ್ತದೆಂಬುದಕ್ಕೆ ಶ್ರೀಕಂಠ ಸಾಕ್ಷಿಯಾಗಿದ್ದರು. ಬೆಂಗಳೂರಿನ ಈ ನಿವೃತ್ತ ಇಂಜಿನಿಯರು ಮೊದಲು ಆ ಪುಸ್ತಕವನ್ನು ಕಂಪ್ಯೂಟರಿಗೆ ತಿನ್ನಿಸಿ, ಬಿಟ್ಟುಹೋದದ್ದನ್ನೆಲ್ಲ ಅದರಿಂದಲೇ ತುಂಬಿಸಿಬಿಟ್ಟಿದ್ದರು. ಪಾಠದ ನಡುವೆ ತೂಕಡಿಸುತ್ತ ಬರೆದಿದ್ದ ಪಿಂಕಮ್ ಅವರ ಪ್ರತಿಯಲ್ಲಿ ಎಲ್ಲ ತರಗತಿಗಳಲ್ಲೂ ಎಚ್ಚೆತ್ತು, ಪ್ರೊಫೆಸರಿಗಿಂತ ಹೆಚ್ಚು ಬುದ್ಧಿವಂತನಾಗಿದ್ದ. ಮಾರ್ಜರಿ ಒಂದು ಮಾತೂ ಬಯ್ಯಲಿಲ್ಲ. ಒಂದು ಬಟ್ಟೆ ಕೊಟ್ಟು ಹಿಂದಿನ ಕೋಣೆಯ ಫೋಟೋ ಚೌಕಟ್ಟುಗಳನ್ನು ಒರೆಸಲು ಕಳಿಸಿದರು. ಶ್ರೀಕಂಠ ಇನ್ನೂ ಒರೆಸುತ್ತಲೇ ಇದ್ದರು.

ಕಿಟಕಿಯ ಪಕ್ಕದ ಆ ಮೇಜು ನಿಜಾಮುದ್ದೀನರಿಗೆ ಎಷ್ಟು ಪ್ರಿಯವಾಯಿತೆಂದರೆ, ಬುಧವಾರ ಬಂತೆಂದರೆ ಇಸ್ತ್ರಿ ಅಂಗಿ ತೊಟ್ಟು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿ, ಬಸ್ಸು ಬರುವ ಬಹಳ ಮೊದಲೇ ಸ್ಟಾಪಿನಲ್ಲಿ ನಿಂತಿರುತ್ತಿದ್ದರು. ಮಗ ಬೆಳಗಾಗುವ ಮುಂಚೆ ಸೇತುವೆ ದಾಟಿ ಮೌಂಟನ್ ವ್ಯೂ ಕಡೆಗೆ ಹೊರಟರೆ ಮನೆಗೆ ಬರುವುದು ಕತ್ತಲಾದ ಮೇಲೆ. ಎಲ್ಲರಿಗೂ ಆಫೀಸಿತ್ತು. ಈಗ ತಮಗೂ ಒಂದು ಆಫೀಸಾಯಿತು ಎಂಬುದು ಅವರ ಹೆಮ್ಮೆ.

ಕೆಲಸವೂ ಅಷ್ಟೇ ನಿಯತ್ತಿನದು. ಪಿಂಕಮ್ ಚಹಾದ ಬಟ್ಟಲಿಟ್ಟು ಎದ್ದ ಕಲೆಯ ಜಾಗದಲ್ಲಿ ಇವರೂ ಬಟ್ಟಲಿಟ್ಟು ಎತ್ತಿದರು. ಒಂದು ಪುಟದಲ್ಲಿ ನಿಜಕ್ಕೂ ಒಂದು ನೊಣ ಅಪ್ಪಚ್ಚಿಯಾಗಿ ಒಣಗಿತ್ತು. ನಿಜಾಮುದ್ದೀನರು ಗುರುಶಾಂತಪ್ಪನವರನ್ನು ನೆನೆದು, ಕಾಲು ರೆಕ್ಕೆ ಸಹಿತ ಅದನ್ನು ಶಾಯಿಯಲ್ಲಿ ಇಳಿಸಿದರು. ಮಾರ್ಜರಿ ಅದನ್ನು ಹಾರಿಸಲು ಕೈ ಬೀಸಿದರು. ಅದು ಹಾರಲಿಲ್ಲ. ಅಂದು ಅವರು ಮೊದಲ ಸಲ ನಕ್ಕರಂತೆ.

ಬರೆಯುತ್ತ ಬರೆಯುತ್ತ ಆ ಹುಡುಗನ ಮೇಲೆ ನಿಜಾಮುದ್ದೀನರಿಗೆ ಮರುಕ ಹುಟ್ಟಿತು. ಅಂಚಿನಲ್ಲಿ ಒಂದು ಕಡೆ ಅವನು, ದೋಣಿಕಟ್ಟೆಯಲ್ಲಿ ಮೂಟೆ ಹೊತ್ತು ಬಂದದ್ದರಿಂದ ಕೈ ನಡುಗುತ್ತಿದೆ ಎಂದು ಬರೆದುಕೊಂಡಿದ್ದ. ಪುಟದ ಮೇಲ್ಗಡೆ ಅಕ್ಷರಗಳು ನೆಟ್ಟಗೆ ನಿಂತಿರುತ್ತಿದ್ದವು. ಕೆಳಗಿಳಿದಂತೆ ಒಂದರ ಹೆಗಲಿಗೆ ಒಂದು ಒರಗುತ್ತಿದ್ದವು. ಪ್ರೊಫೆಸರು ಕೆಮ್ಮಿದಾಗಲೋ ಏನೋ ತಟ್ಟನೆ ಮತ್ತೆ ನೆಟ್ಟಗಾಗುತ್ತಿದ್ದವು. "ಪಾಪ, ನಿದ್ದಿ ಸಂಗಾಟ ಕುಸ್ತಿ ಹಿಡದಾನ," ಎನ್ನುತ್ತಿದ್ದರು.

ಆ ಕುಸ್ತಿಯಲ್ಲಿ ಪಿಂಕಮ್ ಒಂದೇ ಕಡೆ ಚಿತ್ ಆದ. ಆ ಒಂದು ಕಡೆಯೇ ನಿಜಾಮುದ್ದೀನರ ಕೊರಳಿಗೆ ಬಂತು.

ಮೊಕದ್ದಮೆ ಹೀಗಿತ್ತು. ಟಲ್ಲಿ ಎಂಬಾಕೆಯ ಏಪ್ರಿಕಾಟ್ ಮರ ಬೇಲಿ ದಾಟಿ ಬಗ್ಗಿತ್ತು. ಪಕ್ಕದ ಮನೆಯ ಬ್ರ್ಯಾಗ್ ಎಂಬಾಕೆ ತನ್ನ ಅಂಗಳಕ್ಕೆ ಉದುರಿದ ಹಣ್ಣು ಆರಿಸಿ ಜಾಮ್ ಮಾಡಿ ಬಾಟಲಿಗಳಿಗೆ ತುಂಬಿದಳು. ಹಣ್ಣು ನನ್ನದು, ಆದ್ದರಿಂದ ಜಾಮ್ ನನ್ನದು ಎಂದು ಟಲ್ಲಿ ಕೋರ್ಟಿಗೆ ಹೋದಳು. ಸಕ್ಕರೆ ನನ್ನದು, ಒಲೆ ನನ್ನದು, ಸುಟ್ಟುಕೊಂಡ ಕೈ ನನ್ನದು ಎಂದು ಬ್ರ್ಯಾಗ್ ಹೇಳಿದಳು. ಎರಡೂ ಕಡೆಯ ವಾದವನ್ನು ಪಿಂಕಮ್ ಕಷ್ಟಪಟ್ಟು ಬರೆದುಕೊಂಡಿದ್ದ. ಕೊನೆಗೆ "ಕೋರ್ಟಿನ ತೀರ್ಪು" ಎಂದು ಬರೆದು, ಅಡಿಗೆರೆ ಎಳೆದು, ಅಲ್ಲಿಂದ ಪೆನ್ನು ಜಾರಿತ್ತು. ಸಣ್ಣಗೆ ನಡುಗುತ್ತ ಹೊರಟ ಗೆರೆ ಸಾಲುಗಳನ್ನು ಅಡ್ಡ ಹಾಯ್ದು, ಬಳುಕಿ, ಪುಟದ ಮೂಲೆಯಲ್ಲಿ ಒಂದು ಶಾಯಿಯ ಚುಕ್ಕೆಯಾಗಿ ಮಲಗಿತ್ತು. ಮುಂದಿನ ಪುಟದಲ್ಲಿ ಬೇರೆ ದಿನ, ಬೇರೆ ಪಾಠ.

ನಿಜಾಮುದ್ದೀನರಿಗೆ ಅಂದು ಊಟ ಸೇರಲಿಲ್ಲ. ಜೈನಬ್‌ಳಿಂದ ಫೋನಿನಲ್ಲಿ ಆ ಮೊಕದ್ದಮೆಯನ್ನು ಹುಡುಕಿಸಿದರು.

"ನಥಿಂಗ್, ದಾದಾ. ನೋ ಸಚ್ ಕೇಸ್. ಪ್ರೊಫೆಸರ್ ಸುಮ್ನೆ ಮೇಕ್ ಅಪ್ ಮಾಡಿರ್ಬೋದು," ಎಂದಳು ಅವಳು.

"ತೀರ್ಪಿಲ್ಲದ ಮೊಕದ್ದಮಿ ನಾ ನನ್ನ ಸರ್ವೀಸಿನ್ಯಾಗ ನೋಡಿಲ್ಲ," ಎಂದು ನಿಜಾಮುದ್ದೀನರು ತಟ್ಟೆ ಸರಿಸಿದರು. ಏನಾಯಿತೆಂದು ಖಾಲಿದಾ ಕೇಳಿದಾಗ ಎಲ್ಲ ಹೇಳಿದರು.

ಹೇಳಬಾರದಿತ್ತು. ಏಕೆಂದರೆ ಪಕ್ಕದ ಮನೆಯ ಮಿಸೆಸ್ ಚಾಂಗ್ ಅವರ ನಿಂಬೆ ಮರ ಇವರ ಅಂಗಳಕ್ಕೆ ಬಗ್ಗಿತ್ತು. ಉದುರಿದ ಹಣ್ಣೆಲ್ಲ ಖಾಲಿದಾ ಅವರ ಉಪ್ಪಿನಕಾಯಿಯಾಗಿ ಕಿಟಕಿಯ ಬಿಸಿಲಿನಲ್ಲಿ ಸಾಲಾಗಿ ಕೂತಿತ್ತು. ಆಕೆ ಸೌಟು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟರು.

"ಇದರಾಗ ವಿಚಾರ ಮಾಡೂದೇನೈತ್ರೀ? ಹಣ್ಣ ಆಕೀದ ಇರಬಹುದು. ಉಪ್ಪು ಖಾರಾ ಯಾರದು? ದಿನಾ ತಿರುವ್ಯಾಡಿದ ಕೈ ಯಾರದು? ಬಿದ್ದ ಹಣ್ಣ ಹಂಗ ಬಿಟ್ಟಿದ್ರ ಇರುವಿ ತಿಂತಿದ್ದವು. ಇರುವಿ ಮ್ಯಾಲ ಕೇಸ್ ಹಾಕ್ತಿದ್ಲೇನು ಆಕಿ?"

"ಅದು ಉಪ್ಪಿನಕಾಯಿ ಅಲ್ಲ, ಜಾಮು."

"ಎಲ್ಲಾ ಒಂದ. ಮಾಡಿದಾಕಿದು. ಆದ್ರ ನೆರೆಮನಿ ಅಂದ ಮ್ಯಾಲ ಒಂದು ಬಾಟಲಿ ಬೇಲಿ ಮ್ಯಾಲಿಂದ ಆಕೀಗೆ ಕೊಡಬೇಕು. ಬರಕೋರಿ ಬೇಕಾದ್ರ."

ಬರೆದುಕೊಳ್ಳಿ ಎಂದದ್ದು ಮಾತಿಗೆ. ಆದರೆ ಮುಂದಿನ ಬುಧವಾರ ಮೇಜಿಗೆ ಕೂತು, "ಕೋರ್ಟಿನ ತೀರ್ಪು" ಎಂದು ಬರೆದು ಅಡಿಗೆರೆ ಎಳೆದಾಗ, ನಿಜಾಮುದ್ದೀನರ ಕೈ ನಿಲ್ಲಲಿಲ್ಲ. ಜೀವನವಿಡೀ ತೀರ್ಪಿನ ಹಿಂದೆ ಹಿಂದೆ ನಡೆದಿದ್ದ ಕೈ ಆವತ್ತು ಮುಂದೆ ನಡೆಯಿತು. ಪಿಂಕಮ್‌ನ ಅಕ್ಷರದಲ್ಲೇ, ಅದೇ ಓರೆಯಲ್ಲಿ ಬರೆದರು: ಜಾಮ್ ಮಾಡಿದವಳಿಗೆ ಸೇರತಕ್ಕದ್ದು; ಆದರೆ ಆಕೆ ಒಂದು ಬಾಟಲಿಯನ್ನು ಬೇಲಿಯ ಮೇಲಿಂದ ವಾದಿಗೆ ಕೊಡತಕ್ಕದ್ದು; ಇರುವೆಗಳ ಹಕ್ಕಿನ ಬಗ್ಗೆ ನ್ಯಾಯಾಲಯ ಈಗ ಏನೂ ಹೇಳುವುದಿಲ್ಲ. ಓದಿಕೊಂಡರು. ಎದೆ ತುಂಬಿ ಬಂತು. ಎಂಥ ತೀರ್ಪು!

ಮನೆಗೆ ಹೋಗುವ ಬಸ್ಸಿನಲ್ಲಿ ಎಚ್ಚರವಾಯಿತು. ಮುಂದಿನ ಬುಧವಾರ ತಾಳೆ. ನಿರುಪಮಾ ಮೂಲವನ್ನು ಓದುತ್ತ ಬಂದು ಆ ಗೆರೆಯ ಹತ್ತಿರ ನಿಲ್ಲುತ್ತಾರೆ. ಇತ್ತ ಪ್ರತಿಯಲ್ಲಿ ಮೂರು ಸಾಲು ತೀರ್ಪು ಕೂತಿದೆ. ಮಾರ್ಜರಿಯ ಕೈಯಲ್ಲಿ ಒರೆಸುವ ಬಟ್ಟೆ ಅವರ ಕಣ್ಣಿಗೆ ಕಟ್ಟಿತು.

ಕೋರ್ಟಿನಲ್ಲಿದ್ದಷ್ಟು ಕಾಲ ಅವರು ಯಾರಿಂದಲೂ ಒಂದು ಕಪ್ ಚಹಾ ಕೂಡ ಮುಟ್ಟಿದವರಲ್ಲ. ಆದರೆ ಆ ಬುಧವಾರ ಮೇಜಿನ ಮೇಲೆ ಒಂದು ಬಾಟಲಿ ಇಟ್ಟು ಮೆಲ್ಲಗೆ ನಿರುಪಮಾ ಕಡೆ ತಳ್ಳಿದರು.

"ಡಾಕ್ಟರಬಾಯಾರ, ನಮ್ಮ ಮನಿಯವರು ಮಾಡಿದ ನಿಂಬಿಕಾಯಿ ಉಪ್ಪಿನಕಾಯಿ. ನಿಮಗಂತ. ಈ ಆಸ್ತಿ ಕಾಯಿದೆ ಪುಟಗಳು ಭಾಳ ಒಣಾ ಅದಾವ್ರೀ. ಇವತ್ತ ಇವನ್ನ ದಾಟಿ ಮುಂದಿನ ಪಾಠಕ್ಕ ಹೋಗೂನಲ್ಲ?"

"ಅಯ್ಯೋ, ಉಪ್ಪಿನಕಾಯಿ ಚೆನ್ನಾಗಿದೆ ಅಂತ ನಾನೇ ಹೇಳ್ತೀನಿ. ದಾಟೋದೆಲ್ಲ ಆಗಲ್ಲಪ್ಪ," ಎಂದು ನಿರುಪಮಾ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ಕನ್ನಡಕ ಏರಿಸಿ, ಓದತೊಡಗಿದರು.

ಪ್ರತಿ ವಾಕ್ಯದ ಕೊನೆಗೆ ನಿಜಾಮುದ್ದೀನರು "ಹ್ಞಾಂ" ಎನ್ನುವುದು ರೂಢಿ. ಟಲ್ಲಿ, ಹ್ಞಾಂ. ಬ್ರ್ಯಾಗ್, ಹ್ಞಾಂ. ಒಲೆ, ಹ್ಞಾಂ. "ಕೋರ್ಟಿನ ತೀರ್ಪು... ಇಲ್ಲಿಂದ ಬರೀ ಗೆರೆ. ಮಲಗ್ಬಿಟ್ಟಿದಾನೆ ಮಗು," ಎಂದರು ನಿರುಪಮಾ. ಹ್ಞಾಂ ಬರಲಿಲ್ಲ. ನಿಜಾಮುದ್ದೀನರು ಪ್ರತಿಯ ಮೇಲೆ ಎರಡೂ ಅಂಗೈ ಹರಡಿ ಕೂತಿದ್ದರು.

"ಕೈ ತೆಗೀರಿ ಸಾಹೇಬ್ರೇ."

ಓದಿದರು. ನಗು ತಡೆಯಲು ನಿರುಪಮಾ ತುಟಿ ಬಿಗಿ ಹಿಡಿದರು. ಹೆಗಲು ಕುಲುಕಿತು. ಕಣ್ಣೀರು ಒರೆಸಿಕೊಂಡ ಮೇಲೆ ಇದ್ದಕ್ಕಿದ್ದಂತೆ ಮುಖ ಗಂಟಿಕ್ಕಿದರು. "ಅದ್ಸರಿ, ಇದು ಹೇಗೆ ನ್ಯಾಯ? ಹಣ್ಣಿಲ್ದೆ ಜಾಮು ಎಲ್ಲಿಂದ ಬರತ್ತೆ? ಅರ್ಧರ್ಧ ಹಂಚ್ಬೇಕು!"

"ಅರ್ಧಾ? ಸಕ್ಕರಿ ಅರ್ಧಾ ಆಕಿ ಹಾಕ್ಯಾಳೇನ್ರೀ?"

"ಮರಕ್ಕೆ ನೀರು ಹಾಕಿದ್ದು ಯಾರು?"

"ನೀರು ಮಳಿದು! ಮಳಿ ಬಂದು ಅರ್ಜಿ ಹಾಕ್ಲಿ!"

ಗದ್ದಲಕ್ಕೆ ಹಿಂದಿನ ಕೋಣೆಯಿಂದ ಶ್ರೀಕಂಠ ಬಟ್ಟೆ ಹಿಡಿದುಕೊಂಡೇ ಬಂದರು. ವಿಷಯ ತಿಳಿದು, "ಬೇಲಿ ಯಾರ ಖರ್ಚಲ್ಲಿ ಹಾಕಿದ್ದು ಅನ್ನೋದು ಫಸ್ಟು ನೋಡ್ಬೇಕು ಸಾರ್," ಎಂದು ಒಂದು ತೊಡಕು ಹಾಕಿದರು. ಅವರ ಹಿಂದೆಯೇ ಮಾರ್ಜರಿ ಬಂದು ನಿಂತರು.

ನಿರುಪಮಾ ಏನೋ ಹೇಳಿ ಮುಚ್ಚಿಹಾಕಲು ಬಾಯಿ ತೆರೆದರು. ನಿಜಾಮುದ್ದೀನರು ಕೈಯೆತ್ತಿ ತಡೆದು ಎದ್ದು ನಿಂತು, ಕೋರ್ಟಿನಲ್ಲಿ ನಿಲ್ಲುವ ಹಾಗೆ ನಿಂತು, ಈ ಮೂರು ಸಾಲು ಹಾಳೆಯಲ್ಲಿ ಇಲ್ಲ, ಇದು ತಮ್ಮ ಹೆಂಡತಿಯ ತೀರ್ಪು, ಬರೆದ ಕೈ ತಮ್ಮದು, ಎಂದು ಇಂಗ್ಲಿಷಿನಲ್ಲಿ ಹೇಳಿದರು. ಇರುವೆಗಳ ಹಕ್ಕಿನ ಸಾಲು ಮಾತ್ರ ತಾವೇ ಸೇರಿಸಿದ್ದು ಎಂದೂ ಒಪ್ಪಿಕೊಂಡರು.

ಮಾರ್ಜರಿ ದಾರದ ಕನ್ನಡಕ ಹಾಕಿಕೊಂಡು ಆ ಮೂರು ಸಾಲು ಓದಿದರು. ಶನಿವಾರ ಪ್ರದರ್ಶನ ತೆರೆಯುತ್ತದೆ, ಶುಕ್ರವಾರದೊಳಗೆ ಈ ಪುಟ ಮೂಲದಲ್ಲಿ ಇದ್ದಂತೆ, ಆ ಗೆರೆಯ ಸಮೇತ ಬೇಕು; ಆಗದಿದ್ದರೆ ಹಿಂದಿನ ಕೋಣೆಯಲ್ಲಿ ಚೌಕಟ್ಟುಗಳಿಗೇನೂ ಕೊರತೆಯಿಲ್ಲ, ಎಂದು ಹೇಳಿ ಹೋದರು. ಶ್ರೀಕಂಠ ತಮ್ಮ ಬಟ್ಟೆಯನ್ನು ಎರಡಾಗಿ ಹರಿದರೆ ಸಾಕಾದೀತೇ ಎಂಬಂತೆ ನೋಡಿಕೊಂಡರು.

ಅಕ್ಷರಗಳು ಕೂತ ಕೂತಲ್ಲೇ ಮುಗಿದವು. ಗೆರೆ ಬರಲಿಲ್ಲ.

ಜೀವಮಾನದಲ್ಲಿ ಒಂದು ಗೆರೆಯನ್ನೂ ಸೊಟ್ಟ ಎಳೆಯದ ಕೈ. ಹೇಗೆ ಎಳೆದರೂ ಅದು ಎಚ್ಚರದ ಗೆರೆಯೇ. ಒಂದು ಸಲ ನದಿಯ ನಕ್ಷೆಯಂತಾಯಿತು. ಇನ್ನೊಂದು ಸಲ ಬೇಕೆಂದೇ ನಡುಗಿಸಿದ್ದು ಎದ್ದು ಕಂಡಿತು. "ಇದು ಕುಡಿದೋನ ಗೆರೆ, ನಿದ್ದೆ ಮಾಡ್ದೋನದ್ದಲ್ಲ," ಎಂದು ನಿರುಪಮಾ ಡಾಕ್ಟರ ಅಭಿಪ್ರಾಯ ಕೊಟ್ಟರು. ಪೆನ್ನನ್ನು ಸಡಿಲ ಹಿಡಿದರು, ಎಡಗೈಯಲ್ಲಿ ಎಳೆದರು, ಕಣ್ಣು ಮುಚ್ಚಿ ಎಳೆದರು. ಬುಟ್ಟಿ ತುಂಬಿತು. ಗುರುವಾರವೂ ಹೋಯಿತು.

ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಹೊರಟವರಿಗೆ ಖಾಲಿದಾ ಡಬ್ಬಿ ಕಟ್ಟಿಕೊಟ್ಟಿದ್ದರು; ಬಿರಿಯಾನಿ, ಮೇಲೆ ಖೀರು. "ಮೇಜು ಹೋದ್ರ ಹೋಗ್ಲಿ, ಹೊಟ್ಟಿ ತುಂಬ ತಿನ್ರಿ," ಎಂದಿದ್ದರು. ಮೇಜಿನ ಮುಂದೆ ಕೂತು ಪೂರ್ತಿ ತಿಂದರು. ಕಿಟಕಿಯಿಂದ ಬಿಸಿಲು ಬಂದು ಹೆಗಲ ಮೇಲೆ ಕೈಯಿಟ್ಟಿತು. ಹೊರಗೆ ದೂರದಲ್ಲಿ ಗೂಡ್ಸು ರೈಲೊಂದು ಮುಗಿಯದೆ ಹೋಗುತ್ತಿತ್ತು. ಕೊನೆಯ ಹಾಳೆ. "ಕೋರ್ಟಿನ ತೀರ್ಪು" ಎಂದು ಬರೆದು, ಅಡಿಗೆರೆ ಎಳೆದು, ಪೆನ್ನಿನ ಮೊನೆಯನ್ನು ಅಲ್ಲಿಟ್ಟು ಯೋಚಿಸತೊಡಗಿದರು. ಹುಬ್ಬಳ್ಳಿಯ ಸಂಜೆ ಕಾಲೇಜಿನ ಬೆಂಚು ನೆನಪಾಯಿತು. ತಮ್ಮ ಹಿಂದಿನ ಬೆಂಚಿನಲ್ಲಿ ಪಿಂಕಮ್ ಕೂತಿದ್ದ, ಮೈಯೆಲ್ಲ ಮೂಟೆಯ ಧೂಳು. ಪ್ರೊಫೆಸರು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ, ಜಾಮು ಯಾರದೆಂದು...

ನಿರುಪಮಾ ಬಂದು ನೋಡಿದಾಗ ಅವರ ಗಲ್ಲ ಎದೆಗೆ ತಾಗಿತ್ತು. ಗೊರಕೆ ಸಣ್ಣದು, ಮರ್ಯಾದಸ್ಥದು. ಪೆನ್ನು ಪುಟದ ಮೂಲೆಯಲ್ಲಿ ನಿಂತಿತ್ತು. ಅದರ ಕೆಳಗೆ ಒಂದು ಶಾಯಿಯ ಚುಕ್ಕೆ ಇನ್ನೂ ಹಸಿಯಾಗಿತ್ತು. ಆಕೆ ತುದಿಗಾಲಲ್ಲಿ ಹೋಗಿ ಮಾರ್ಜರಿಯನ್ನು ಕರೆತಂದರು. ಶ್ರೀಕಂಠರೂ ಬಂದರು. ಮೂವರೂ ಮೂಲವನ್ನು ನೋಡಿದರು, ಪ್ರತಿಯನ್ನು ನೋಡಿದರು. ಅದೇ ನಡುಕ, ಅದೇ ಬಳುಕು, ಅದೇ ಕೊನೆಯ ಸುಸ್ತು.

ನಿರುಪಮಾ ಮೆಲ್ಲಗೆ, ಅವರ ಪರವಾಗಿ ತಾವೇ "ಹ್ಞಾಂ" ಎಂದರು.

ಮಾರ್ಜರಿ ಹಾಳೆಯನ್ನು ನಿಜಾಮುದ್ದೀನರ ಕೈಯಡಿಯಿಂದ ಎಳೆದುಕೊಳ್ಳಲಿಲ್ಲ. ಕುರ್ಚಿಗೆ ಹಾಕಿದ್ದ ತಮ್ಮ ಸ್ವೆಟರನ್ನು ಅವರ ಬೆನ್ನಿಗೆ ಹೊದಿಸಿ, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋದರು.

ಶನಿವಾರ ಪ್ರದರ್ಶನಕ್ಕೆ ಖಾಲಿದಾ ಹೊಸ ದುಪಟ್ಟಾ ಹೊದ್ದುಕೊಂಡು ಬಂದರು. ಜೊತೆಗೆ ಮಿಸೆಸ್ ಚಾಂಗ್. ತೀರ್ಪು ಕೊಟ್ಟ ದಿನವೇ, ಕೊಟ್ಟ ಮಾತಿಗೆ ತಪ್ಪಬಾರದೆಂದು, ಖಾಲಿದಾ ಬೇಲಿಯ ಮೇಲಿಂದ ಒಂದು ಬಾಟಲಿ ದಾಟಿಸಿದ್ದರು. ಅದು ಅದಾಗಲೇ ಖಾಲಿಯಾಗಿ, ಈಗ ಚಾಂಗ್ ಅವರ ಕೈಯಲ್ಲಿ ಒಂದು ಚೀಲ ನಿಂಬೆಹಣ್ಣಿತ್ತು. ಖಾಲಿದಾ ಯಾರನ್ನೂ ಮಾತಾಡಿಸದೆ ನೆಟ್ಟಗೆ ಪ್ರತಿಯ ಬಳಿ ಹೋಗಿ ಪುಟ ತಿರುವಿದರು. ನೊಣ ದಾಟಿದರು. ಟಲ್ಲಿ ಬ್ರ್ಯಾಗ್ ಸಿಕ್ಕರು. ಕೆಳಗೆ ನೋಡಿದರು. ಗೆರೆ.

"ಏನ್ರೀ, ನನ್ನ ತೀರ್ಪೆಲ್ಲಿ?"

"ಅಪೀಲಿನ್ಯಾಗ ಬಿತ್ತು," ಎಂದರು ನಿಜಾಮುದ್ದೀನರು.

ಖಾಲಿದಾ ಗೆರೆಯ ಮೇಲೆ ಬೆರಳಿಟ್ಟು ಅದರ ಜೊತೆಗೇ ಮೂಲೆಯ ಚುಕ್ಕೆಯವರೆಗೆ ನಿಧಾನ ಇಳಿದರು. ನಿಂತರು. "ಇದು ನಿಮ್ಮದ ಗೆರಿ," ಎಂದರು. "ಲಗ್ನಾದ ಹೊಸದಾಗ ನಿಮ್ಮ ಕಾಲೇಜಿನ ಹಾಳಿ ತುಂಬ ಹಿಂಥಾವ ಇದ್ದವು. ನಾ ಅವುಗಳಿಂದ ಒಲಿ ಹಚ್ಚತಿದ್ದೆ."

"ಗೊತ್ತೈತಿ," ಎಂದರು ನಿಜಾಮುದ್ದೀನರು, ಮತ್ತು ಮುಂದಿನ ಬುಧವಾರಕ್ಕೆಂದು ಮಾರ್ಜರಿ ತೆಗೆದಿಟ್ಟಿದ್ದ ಹೊಸ ಪುಸ್ತಕವನ್ನು ತೋರಿಸಲು ಹೆಂಡತಿಯನ್ನು ಕಿಟಕಿಯ ಬಳಿಯ ಮೇಜಿಗೆ ಕರೆದೊಯ್ದರು.